ಮುಚ್ಚಳ ಮತ್ತು ಮೈಲುತುತ್ತ

ತೆರೆದಿಟ್ಟ ಪಾತ್ರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ರೋಗವೆನ್ನಿ, ಸಂಸ್ಕಾರವೆನ್ನಿ. ಸೂರತ್ತಿನಲ್ಲಿ ಅಪ್ಪ ನಡೆಸುತ್ತಿದ್ದ ಉಡುಪಿ ಹೋಟೆಲಿನಲ್ಲಿ ಅಂಟಿಕೊಂಡದ್ದು. ಅಲ್ಲಿ ಸಾಂಬಾರಿನ ಹಂಡೆಯಿಂದ ಹಿಡಿದು ಸೋಂಪಿನ ಬಟ್ಟಲಿನವರೆಗೆ ಎಲ್ಲಕ್ಕೂ ಮುಚ್ಚಳ. ಮುಚ್ಚಲು ಮರೆತವನನ್ನು ಅಪ್ಪ ಬೈಯುತ್ತಿರಲಿಲ್ಲ, ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು, ಅಷ್ಟೆ. ಮದುವೆ ಊಟಗಳಲ್ಲಿ ಗುರುತಿಲ್ಲದವರ ನೀರಿನ ಲೋಟಕ್ಕೂ ನಾನು ತಟ್ಟೆ ಮುಚ್ಚಿ ಬಂದದ್ದುಂಟು.

ಇಂಥ ನಾನು ಈಗ ವಡೋದರಾದ ಮಂಜಲ್‌ಪುರದಲ್ಲಿ ಒಂದು ಶಾಲೆಯ ರಸಾಯನ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಮಕ್ಕಳು ಮಾಡುವ ಪ್ರಯೋಗವನ್ನು ಮೊದಲು ನಾನು ಮಾಡಿ, ಉತ್ತರ ಬರೆದಿಡಬೇಕು. ಆ ವಾರ ಮೈಲುತುತ್ತದ ಸರದಿ. ಅದರ ನೀಲಿ ಹರಳಿನೊಳಗೆ ನೀರು ಅಡಗಿರುತ್ತದೆ. ತೂಗಿ, ಹದವಾಗಿ ಕಾಯಿಸಿದರೆ ನೀರೆಲ್ಲ ಹಾರಿ ಬಿಳಿ ಪುಡಿ ಉಳಿಯುತ್ತದೆ. ತಣಿಸಿ ಮತ್ತೆ ತೂಗಿದಾಗ ಎಷ್ಟು ಕಡಿಮೆಯೋ ಅಷ್ಟು ನೀರು. ನೂರು ಗ್ರಾಮಿಗೆ ಮೂವತ್ತಾರು ಬರಬೇಕು. ನನಗೆ ಬಂದದ್ದು ಮೂವತ್ತು. ಮರುದಿನ ಇಪ್ಪತ್ತೊಂಬತ್ತು. ಮೂರನೆಯ ದಿನವೂ ಅಷ್ಟೇ, ಮೇಲಾಗಿ ಬಿಳಿ ಪುಡಿಯಲ್ಲಿ ಅಲ್ಲಲ್ಲಿ ನೀಲಿ ಚುಕ್ಕೆ.

ತಪ್ಪು ನನ್ನದಿರಬಹುದು ಎಂಬ ಯೋಚನೆ ನನ್ನ ಹತ್ತಿರ ಸುಳಿಯಲೇ ಇಲ್ಲ. ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಿಂದ ಎಷ್ಟೋ ವರ್ಷಗಳಿಂದ ನಮಗೆ ಸಾಮಾನು ಕಳಿಸುವ ನಟುಭಾಯಿಗೆ ಶುಕ್ರವಾರ ಫೋನ್ ಮಾಡಿದೆ.

"ನಿಮ್ಮ ಮೈಲುತುತ್ತದಲ್ಲಿ ಬೇರೇನೋ ಬೆರೆತಿದೆ."

"ಇನ್ನೊಂದು ಸಲ ಮಾಡಿ ನೋಡಿ ರಾವ್‌ಭಾಯಿ. ನೀವು ಹೇಳಿದಿರಿ ಅಂತಲೇ ಇನ್ನೂ ನಾಲ್ಕು ಶಾಲೆಯವರು ನನ್ನ ಹತ್ತಿರ ತಗೊಳ್ತಾರೆ."

"ಮೂರು ಸಲ ಮಾಡಿದ್ದೇನೆ" ಎಂದೆ ಗಂಭೀರವಾಗಿ. ಇನ್ನು ಅವರಲ್ಲಿ ಖರೀದಿ ಬೇಡವೆಂದು ಪ್ರಾಂಶುಪಾಲರಿಗೆ ಪತ್ರ ಬರೆದು ಸಹಿ ಹಾಕಿ, ಸೋಮವಾರ ಕೊಡೋಣವೆಂದು ಜೇಬಿನಲ್ಲಿಟ್ಟುಕೊಂಡೆ.

ಭಾನುವಾರ ನಮ್ಮಲ್ಲಿ ಇಡ್ಲಿ. ಹೆಂಡತಿ ವಸಂತಿ ಬಡಿಸಿದ ಮೊದಲ ಇಡ್ಲಿಯ ನೆತ್ತಿಯೇ ಪಿಚಪಿಚ.

"ಮುಚ್ಚಳದ ನೀರು ಬಿದ್ದಿದೆ. ಅದರ ಅಡಿಗೆ ಬಟ್ಟೆ ಕಟ್ಟಲಿಲ್ವಾ? ಅಪ್ಪನ ಹೋಟೆಲಲ್ಲಿ ಆಗಿದ್ರೆ..."

"ಅಪ್ಪನ ಹೋಟೆಲ್ ಸಾಕು ಮಾರಾಯ್ರೆ. ಬಟ್ಟೆ ಒಗೆಯಲಿಕ್ಕೆ ಹಾಕಿದ್ದೆ. ಹಬೆ ಮೇಲೆ ಹೋಗಿ ಮುಚ್ಚಳಕ್ಕೆ ತಾಗಿ ಕೆಳಗೆ ಬೀಳದೆ ಮತ್ತೆಲ್ಲಿಗೆ ಹೋಗ್ತದೆ? ಶಾಲೆಯಲ್ಲಿ ದಿನಾ ಬೆಂಕಿ ಮುಂದೆ ಇರುವವರಿಗೆ ಇಷ್ಟೂ ಗೊತ್ತಿಲ್ವಾ?"

ಇಡ್ಲಿ ಬಾಯಿಯ ಹತ್ತಿರವೇ ನಿಂತಿತು. ಮೂರು ದಿನವೂ ನಾನು ಪಿಂಗಾಣಿ ಬಟ್ಟಲಿನ ಮೇಲೆ, ಯಾರೂ ಹೇಳದೆಯೇ, ಗಾಜಿನ ತಟ್ಟೆಯೊಂದನ್ನು ಮುಚ್ಚಿಟ್ಟಿದ್ದೆ. ಹಾರಿಹೋಗಬೇಕಾದ ನೀರು ಅದರ ಕೆಳಗೆ ಬೆವರಾಗಿ ಕೂತು, ಬೆಂಕಿ ಆರಿದ ಮೇಲೆ ತೊಟ್ಟಿಕ್ಕಿ ಮನೆಗೆ ಮರಳಿತ್ತು. ಆ ನೀಲಿ ಚುಕ್ಕೆಗಳು ಅದರ ಹೆಜ್ಜೆಗುರುತು.

ಸೋಮವಾರ ಮಕ್ಕಳು ಬರುವ ಮೊದಲೇ ಹೋಗಿ, ಬಟ್ಟಲನ್ನು ತೆರೆದೇ ಇಟ್ಟು ಕಾಯಿಸಿದೆ. ಪೂರ್ತಿ ಬಿಳಿ. ತೇವ ತಾಗದ ಜಾಡಿಯಲ್ಲಿಟ್ಟು ತಣಿಸಿ ತೂಗಿದೆ. ಇನ್ನೊಮ್ಮೆ ಕಾಯಿಸಿ ತೂಗಿದೆ, ತೂಕ ಅಲ್ಲಾಡಲಿಲ್ಲ. ಮೂವತ್ತಾರು. ಯಾರೋ ಎದೆಯ ಮೇಲಿಂದ ರುಬ್ಬುಗುಂಡು ಎತ್ತಿ ಕೆಳಗಿಟ್ಟಂತಾಯಿತು. ಆ ಕ್ಷಣವೇ ಫೋನ್ ಮಾಡಿದೆ.

"ನಟುಭಾಯಿ, ಮಾಲು ಚೆನ್ನಾಗಿದೆ. ನಾನೇ ಮುಚ್ಚಳ ಹಾಕಿ ಕಾಯಿಸಿಬಿಟ್ಟಿದ್ದೆ."

"ಮುಚ್ಚಳ? ಬೇಳೆ ಬೇಯಿಸ್ತಾ ಇದ್ರಾ?" ಅವರು ಬಹಳ ಹೊತ್ತು ನಕ್ಕರು. ಆಮೇಲೆ ಮೆಲ್ಲಗೆ, "ಶುಕ್ರವಾರದಿಂದ ಊಟ ಸೇರಿರಲಿಲ್ಲ ರಾವ್‌ಭಾಯಿ. ಈಗ ಹೋಗಿ ಗಾಠಿಯಾ ತಿಂತೇನೆ" ಎಂದರು.

ಪ್ರಯೋಗದ ಹೊತ್ತಿಗೆ ಮಕ್ಕಳ ಹನ್ನೆರಡು ಬಟ್ಟಲುಗಳು ಸಾಲಾಗಿ ಬಾಯಿ ತೆರೆದು ಕಾಯುತ್ತಿದ್ದವು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡಿದೆ. ಒಂದನ್ನೂ ಮುಚ್ಚಲಿಲ್ಲ. ಈ ಸಂಯಮವನ್ನು ವಸಂತಿಗೆ ಹೇಳಲೇಬೇಕು ಎಂದುಕೊಳ್ಳುತ್ತ ನನ್ನ ಕೋಣೆಗೆ ಬಂದರೆ ಮೇಜಿನ ಮೇಲೆ ಬಿಸಿ ಚಹಾ ಇತ್ತು. ಮಕ್ಕಳ ಉತ್ತರಗಳ ಮೇಲೆ ಕಣ್ಣಾಡಿಸಿ ಚಹಾದತ್ತ ತಿರುಗಿದಾಗ, ಲೋಟದ ಮೇಲೆ ನಾಲ್ಕು ಮಡಿಕೆಯ ಕಾಗದವೊಂದು ಕೂತಿತ್ತು. ಜೇಬಿನಿಂದ ಅದನ್ನು ಯಾವಾಗ ತೆಗೆದೆನೋ, ಯಾವಾಗ ಮುಚ್ಚಿದೆನೋ, ದೇವರಿಗೇ ಗೊತ್ತು. ಬಿಡಿಸಿ ನೋಡಿದೆ: ಪ್ರಾಂಶುಪಾಲರಿಗೆ ಬರೆದ ದೂರು. ಹಬೆಗೆ ನೆನೆದು, ನನ್ನ ಸಹಿ ಇದ್ದ ಜಾಗದಲ್ಲಿ ಒಂದು ನೀಲಿ ಚುಕ್ಕೆ.