ಉಳ್ಳಾಗಡ್ಡಿ ಸಿಪ್ಪೆಯ ಗುಳಿಗೆ

ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಹಾಕಿ ಇಪ್ಪತ್ತು ವರ್ಷದ ಮೇಲಾಯಿತು, ಗಿರಾಕಿಗಳನ್ನು ನೋಡಿ ನಗುವಂಥ ಕಥೆಗಳು ಬೇಕಾದಷ್ಟಿವೆ. ಆದರೆ ಈ ಮೂರರಲ್ಲಿ ನಗೆಪಾಟಲಾದವನು ನಾನೇ. ಹೇಳಿಕೊಳ್ಳಲು ನಾಚಿಕೆ. ಹೇಳದೆ ಇಟ್ಟುಕೊಂಡರೆ ಇನ್ನೂ ನಾಚಿಕೆ.

ಎಲ್ಲಕ್ಕೂ ಕಾರಣ ಒಂದು ಗುಳಿಗೆ. ಕಂಪನಿಯ ರೆಪ್ ಒಬ್ಬ ಬಂದು, "ಫ್ಲೇವನಾಯ್ಡ್ ಸರ್, ಗಿಡದ ಸತ್ವ, ಉಳ್ಳಾಗಡ್ಡಿ ಸಿಪ್ಪೆಯಿಂದ ತೆಗೆದದ್ದು. ಮಂಡಿನೋವು, ಅಲರ್ಜಿ, ಸುಸ್ತು ಎಲ್ಲಕ್ಕೂ ಕೊಡಬಹುದು" ಅಂದ. ನಾನು ಫಾರ್ಮಸಿ ಡಿಪ್ಲೊಮಾ ಓದಿದವನು, ಬೇರೆ ಔಷಧಿಗಳ ಜೊತೆ ಇದು ಹೊಂದುತ್ತದೆಯೇ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಡಬ್ಬಿಗಳನ್ನು ಮುಂದಿನ ಸಾಲಿನಲ್ಲಿ ಜೋಡಿಸಿ, ಒಂದೊಂದಕ್ಕೂ ಅಂಗಡಿ ಹೆಸರಿನ ಹಳದಿ ಸ್ಟಿಕ್ಕರ್ ಅಂಟಿಸಿದೆ. ಡಬ್ಬಿ ಯಾರ ಮನೆಯಲ್ಲಿದ್ದರೂ ನನ್ನ ಅಂಗಡಿಯ ಹೆಸರು ಕಾಣಬೇಕೆಂಬುದು ನನ್ನ ಚಟ. ಅನುಮಾನದಿಂದ ಕೇಳಿದವರಿಗೆಲ್ಲ ಒಂದೇ ಉತ್ತರ: "ಗಿಡದ್ದುರೀ, ಏನೂ ಆಗಂಗಿಲ್ಲ."

೧. ಗೋಣಿಚೀಲ

ನಮ್ಮೂರಿಗೆ ಹತ್ತಿರದ ಅರಸೀಕೆರೆ ಎಂಬ ಹಳ್ಳಿಯ ಕಡೆಯ ರೈತನೊಬ್ಬ ಸೊಂಟನೋವಿಗೆ ಮಾತ್ರೆ ಕೇಳಲು ಬಂದ. ಡಬ್ಬಿ ತೋರಿಸಿದೆ.

"ಇದನ್ನ ಯಾತರಿಂದ ಮಾಡ್ತಾರ್ರಿ?"

"ಉಳ್ಳಾಗಡ್ಡಿ ಸಿಪ್ಪಿಯಿಂದ."

ಆತ ಒಂದು ಸಲ ಡಬ್ಬಿಯನ್ನು, ಒಂದು ಸಲ ನನ್ನನ್ನು ನೋಡಿದ. "ನಾನು ಹುಟ್ಟಿದಾಗಿಂದ ಇದನ್ನ ತಿಪ್ಪಿಗೆ ಹಾಕಾಕತ್ತೀನಲ್ರಿ" ಅಂದು, ಏನೂ ಕೊಳ್ಳದೆ ಹೊರಟ. ಮರುವಾರ ಬಂದವನು ಗೋಣಿಚೀಲದ ತುಂಬ ಸಿಪ್ಪೆ ತಂದು ಕೌಂಟರಿನ ಮೇಲೆ ಇಳಿಸಿದ.

"ನಮ್ಮ ಹೊಲದ್ದಾ ಐತಿ, ಚಲೋ ಮಾಲು. ಗುಳಿಗಿ ಮಾಡಿಡ್ರಿ, ಸಂತಿ ಮುಗಿಸ್ಕೆಂಡು ಬರ್ತೀನಿ."

"ನಾನು ಮಾಡಂಗಿಲ್ಲಪ್ಪಾ, ಬರೇ ಮಾರ್ತೀನಿ."

"ಡಬ್ಬಿ ಮ್ಯಾಲೆ ನಿಮ್ಮ ಅಂಗಡಿ ಹೆಸರೈತಲ್ರಿ. ನೀವಲ್ದ ಮತ್ಯಾರು ಮಾಡಿದ್ರು?"

ಆತ ಚೀಲ ಬಿಟ್ಟು ಸಂತೆಗೆ ಹೋದ. ಫ್ಯಾನಿನ ಗಾಳಿಗೆ ಸಿಪ್ಪೆ ಅಂಗಡಿಯ ತುಂಬ ಹಾರಾಡಿತು. ಸಂಜೆಯ ತನಕ ಬಿ.ಪಿ. ಮಾತ್ರೆಗೆ ಬಂದವರೆಲ್ಲ, ಮಿರ್ಚಿ ಭಜಿ ಬಾಣಲಿ ಎಷ್ಟೊತ್ತಿಗೆ ಇಡ್ತೀರಿ ಎಂದು ಕೇಳಿಕೊಂಡು ಹೋದರು.

೨. ಶ್ರಾವಣ

ಹಿಂದಿನ ಓಣಿಯ ಅಜ್ಜಿಗೆ ಮಂಡಿನೋವು. ದಿನವೂ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ಶ್ರಾವಣ ಬಂದರೆ ಆ ಮನೆಯ ಅಡಿಗೆಯಲ್ಲಿ ಉಳ್ಳಾಗಡ್ಡಿ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತು, ಅವರ ಮನೆಯ ಶ್ರಾವಣದ ಊಟ ಉಂಡವನು ನಾನು.

"ಇದು ಯಾತರದ್ದು ತಮ್ಮಾ?" ಎಂದು ಕೇಳಿದರು.

"ಗಿಡದ್ದಮ್ಮಾ" ಎಂದೆ. ಯಾವ ಗಿಡ ಎಂದು ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಬೇರೆ ಏನು ಮಾತ್ರೆ ನುಂಗುತ್ತೀರಿ ಎಂದು ನಾನು ಕೇಳಬೇಕಿತ್ತು, ಅದನ್ನೂ ಕೇಳಲಿಲ್ಲ.

ಮೂರು ಸೋಮವಾರ ಕಳೆದ ಮೇಲೆ ಅವರ ಸೊಸೆ ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿದ್ದುದನ್ನು ಓದಿದಳು. ಅಜ್ಜಿ ಕೋಲೂರಿಕೊಂಡು ಅಂಗಡಿಗೇ ಬಂದರು. ಗಿರಾಕಿಗಳೆಲ್ಲ ಹೋಗುವ ತನಕ ಬೆಂಚಿನ ಮೇಲೆ ಕೂತಿದ್ದರು.

"ದಿನಾ ಮುಂಜಾನಿ ಪೂಜಿ ಮಾಡಿದ ಕೈಲೇ ಉಳ್ಳಾಗಡ್ಡಿ ನುಂಗೀನಿ. ನಿನಗ ಗೊತ್ತಿತ್ತೇನು?"

"ಗೊತ್ತಿತ್ತಮ್ಮಾ" ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು.

ಅಜ್ಜಿ ಸೆರಗಿನಿಂದ ಡಬ್ಬಿ ತೆಗೆದು ನನ್ನ ಮುಂದಿಟ್ಟರು. "ಮಂಡಿ ಸ್ವಲ್ಪ ಸಡ್ಲಾಗೈತಿ. ಉಳಿದಿದ್ದನ್ನ ಶ್ರಾವಣ ಮುಗಿಯೋತನಕ ನಿನ್ನ ಹತ್ರ ಇಟ್ಕ. ಸೊಸಿ ಕೇಳಿದ್ರ ಬಿಸಾಕೀನಿ ಅಂತ ಹೇಳು. ಹೆಂಗೂ ನಿನಗ ಸುಳ್ಳು ಹೇಳೋದು ರೂಢಿ ಐತಿ."

೩. ಪೆಟ್ರೋಲಿನ ವಾಸನೆ

ಇದರಲ್ಲಿ ನಗಲು ಧೈರ್ಯ ಬಂದದ್ದು ಉಸ್ತಾದ್ ಈಗ ಆರಾಮಾಗಿದ್ದಾನೆ ಎಂಬ ಕಾರಣಕ್ಕೆ. ಉಸ್ತಾದ್ ನಮ್ಮೂರಿನ ಬೈಕ್ ಮೆಕ್ಯಾನಿಕ್. ಹೃದಯದ ವಾಲ್ವ್ ಬದಲಿಸಿಕೊಂಡವನು. "ಊರಿನ ಗಾಡಿಗಳ ವಾಲ್ವೆಲ್ಲ ನಾನು ನೋಡ್ತೀನಿ, ನಂದು ಮಾತ್ರ ಡಾಕ್ಟ್ರು ನೋಡ್ತಾರ" ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ವಾಲ್ವಿನ ಹತ್ತಿರ ರಕ್ತ ಹೆಪ್ಪುಗಟ್ಟದಂತೆ ಅವನು ದಿನಾ ರಕ್ತ ತೆಳ್ಳಗೆ ಮಾಡುವ ಮಾತ್ರೆ ನುಂಗಬೇಕು. ಆ ಮಾತ್ರೆಯನ್ನು ತಿಂಗಳು ತಿಂಗಳು ಕೊಡುತ್ತಿದ್ದವನು ನಾನೇ. ಒಂದು ದಿನ ಸುಸ್ತು ಅಂದ. ಅದೇ ಕೈಯಿಂದ, ಅದೇ ಕವರಿನಲ್ಲಿ, ಈ ಡಬ್ಬಿಯನ್ನೂ ಹಾಕಿಕೊಟ್ಟೆ.

ಮೂರು ವಾರದ ಮೇಲೆ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದ. "ಆಯಿಲ್ ಲೀಕ್ ಆಗಾಕತ್ತೈತ್ರಿ ಅಣ್ಣಾರ. ಹಲ್ಲು ತಿಕ್ಕಿದ್ರ ರಕ್ತ ನಿಲ್ಲವಲ್ದು." ತೋಳಿನ ಮೇಲೆ ನೀಲಿ ಕಲೆಗಳಿದ್ದವು. ಅದೇ ಕವರಿನಲ್ಲಿ ಹಾಕಿಕೊಟ್ಟ ಡಬ್ಬಿ ನೆನಪಾಯಿತು. ಅಂಗಡಿಗೆ ಬೀಗ ಹಾಕಿ, ಕಾರಿನಲ್ಲಿ ಅವನನ್ನು ಕೂರಿಸಿಕೊಂಡು ಹೊಸಪೇಟೆಯ ಅವನ ಡಾಕ್ಟರ ಹತ್ತಿರ ಓಡಿಸಿದೆ. ಹಗರಿಬೊಮ್ಮನಹಳ್ಳಿ ದಾಟಿದೆವು. ಆಮೇಲೆ ಅವನೇ, "ಗಾಬರಿ ಆಗಬ್ಯಾಡ್ರಿ, ಗಾಡಿ ನೆಟ್ಟಗ ಹೊಡೀರಿ" ಅಂದ.

ಪರೀಕ್ಷೆಯಲ್ಲಿ ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳ್ಳಗಾಗಿತ್ತು. ಎರಡು ದಿನ ಇಲ್ಲೇ ಇರಬೇಕು ಎಂದ ಡಾಕ್ಟರು, "ಹೊಸದಾಗಿ ಏನು ತಗೊಂಡ್ರಿ?" ಎಂದು ಕೇಳಿದರು. ಉಸ್ತಾದ್ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ನಾನು ಕಣ್ಣು ಮುಚ್ಚಿಕೊಂಡೆ. ಪೆಟ್ರೋಲಿನ ವಾಸನೆ ಬಂತು.

ಕಣ್ಣು ಬಿಟ್ಟರೆ ಡಬ್ಬಿಯ ಮೇಲೆ ನನ್ನ ಸ್ಟಿಕ್ಕರ್ ಇಲ್ಲ. ನನ್ನ ಹತ್ತಿರ ಬರುವ ಮುಂಚೆಯೇ ಉಸ್ತಾದ್ ಅದನ್ನು ಪೆಟ್ರೋಲ್ ಹಚ್ಚಿ ಉಜ್ಜಿ ತೆಗೆದಿದ್ದ. ಅದರ ಅಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿದ್ದ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು: ರಕ್ತ ತೆಳುಗೊಳಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಬಳಸಬಾರದು.

"ಇಷ್ಟು ಸ್ಪಷ್ಟವಾಗಿ ಬರೆದಿದೆಯಲ್ಲ, ಯಾರು ಕೊಟ್ಟರು ಇದನ್ನ?"

"ಸಂತ್ಯಾಗ ಯಾರೋ ಒಬ್ಬ ಮಾರಾಕ ಬಂದಿದ್ದ ಸಾಹೇಬ್ರ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಮೆಡಿಕಲ್ ಶಾಪಿನವರಲ್ವಾ? ಇವರ ಭಾಷೆಯಲ್ಲಿ ಸ್ವಲ್ಪ ತಿಳಿಸಿ ಹೇಳಿ."

ಹೇಳಿದೆ. ಅಡಿಗೆಯ ಉಳ್ಳಾಗಡ್ಡಿಯಿಂದ ತೊಂದರೆ ಇಲ್ಲ, ಗುಳಿಗೆಯಲ್ಲಿ ಅದರ ಸಾರ ಬಹಳ ಗಟ್ಟಿಯಾಗಿರುತ್ತದೆ, ನಿನ್ನ ಮಾತ್ರೆಯ ಜೊತೆ ಸೇರಿದರೆ ರಕ್ತ ಇನ್ನೂ ತೆಳ್ಳಗಾಗಬಹುದು, ಗಿಡದ್ದು ಎಂದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂದಲ್ಲ. ಉಸ್ತಾದ್ ಕೈಕಟ್ಟಿ ಕೇಳಿಸಿಕೊಂಡ.

"ಹಂಗಾದ್ರ ಆ ಸಂತಿಯವ ಮೊದಲು ಏನು ಕೇಳಬೇಕಿತ್ರಿ ಅಣ್ಣಾರ?"

"ಬ್ಯಾರೆ ಯಾವ ಗುಳಿಗಿ ತಗಂತಿ ಅಂತ ಕೇಳಬೇಕಿತ್ತು."

"ಪಾಪ, ಅವಗ ಗೊತ್ತಿರಲಿಲ್ಲೇನೋ."

"ಗೊತ್ತಿತ್ತು" ಎಂದೆ.

ಡಾಕ್ಟರಿಗೆ ನಾನು ತಿಳಿಸಿ ಹೇಳಿದ್ದು ಕೇಳಿ ಗೌರವ ಬಂದಿರಬೇಕು. "ನೋಡಿ, ಎಷ್ಟು ಕಾಳಜಿ ಇದೆ ಇವರಿಗೆ. ಇನ್ನು ಮುಂದೆ ಸಂತೆಯಲ್ಲಿ ಏನೂ ತಗೋಬೇಡಿ, ಇಂಥವರ ಅಂಗಡಿಯಲ್ಲೇ ತಗೊಳ್ಳಿ" ಎಂದರು.

"ಆಗಲ್ರಿ" ಎಂದ ಉಸ್ತಾದ್, ನನ್ನ ಕಡೆ ನೋಡಿ ಕೇಳಿದ: "ಅಣ್ಣಾರ, ಈ ಗುಳಿಗಿ ನಿಮ್ಮ ಅಂಗಡ್ಯಾಗೂ ಸಿಗ್ತಾವೇನ್ರಿ?"

ಹನ್ನೊಂದು ಡಬ್ಬಿ ಹಳದಿ ಸ್ಟಿಕ್ಕರ್ ಸಮೇತ ಅಂಗಡಿಯ ಮುಂದಿನ ಸಾಲಿನಲ್ಲೇ ಇನ್ನೂ ಇದ್ದವು.

"ಇಲ್ಲ" ಎಂದೆ.

ಉಸ್ತಾದ್ ಬಾಯೊಳಗಿನ ಹತ್ತಿ ಸರಿಮಾಡಿಕೊಂಡು ತಲೆಯಾಡಿಸಿದ. "ಹಂಗಾದ್ರ ಇವತ್ತಿನಿಂದ ಇಲ್ಲ ಅಂದಂಗಾತು."