ಆರ್ಮಸ್ ಲೆಹ್ಟೊವಾರ ನಪಾಸಾಗಿದ್ದಾರೆಂದು ಬರೆದುಕೊಡುವ ಬಗ್ಗೆ

ಆ್ಯಪ್‌ಗಳ ಬಳಕೆ ಸುಲಭವೋ ಕಷ್ಟವೋ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಘನ ಸಂಸ್ಥೆಯ ನಿರ್ದೇಶಕರಾದ ಮಾನ್ಯರೇ,

ಹೆಲ್ಸಿಂಕಿಯ ಕಚೇರಿಯ ಆರನೇ ಮಹಡಿಯಲ್ಲಿ ತಾವೂ ತಮ್ಮ ಸಿಬ್ಬಂದಿಯೂ ಹೊತ್ತುಹೊತ್ತಿಗೆ ಬಿಸಿ ಊಟ ಮಾಡಿಕೊಂಡು ಕ್ಷೇಮವಾಗಿದ್ದೀರೆಂದು ನಂಬಿ, ಕೊಸ್ಕಿರಾಂತದ ಕಾಗದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದು, ಅದರಲ್ಲಿ ಇಪ್ಪತ್ತೆರಡು ವರ್ಷ ಕಾರ್ಮಿಕ ಸಂಘದ ಪ್ರತಿನಿಧಿಯಾಗಿದ್ದು, ಈಗ ನಿವೃತ್ತನಾಗಿರುವ ತೌನೊ ರೌತಕೋರ್ಪಿ ಎಂಬ ನಾನು ಮಾಡಿಕೊಳ್ಳುವ ವಿನಮ್ರ ನಿವೇದನೆ.

ನಮ್ಮ ಪುರಸಭೆ ಒಂಟಿ ಮುದುಕರ ಮನೆಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತದೆ. ಮೊದಲು ಬೆಳಿಗ್ಗೆ ಒಂಬತ್ತಕ್ಕೆ ಅಡುಗೆಮನೆಗೆ ಫೋನ್ ಮಾಡಿದರೆ ಪಿರ್ಕ್ಕೊ ಎಂಬಾಕೆ ಎತ್ತಿಕೊಳ್ಳುತ್ತಿದ್ದರು; ಯಾರಾದರೂ ಫೋನ್ ಮಾಡದಿದ್ದರೆ ತಾವೇ ಮಾಡಿ, "ಏನಜ್ಜಾ, ಎದ್ದಿದ್ದೀಯೋ ಇಲ್ಲ ಹೋಗ್ಬಿಟ್ಯೋ? ಇವತ್ತು ಬಟಾಣಿ ಸೂಪು, ಬೇಕೋ ಬೇಡ್ವೋ ಬೇಗ ಹೇಳು, ಒಲೆ ಮೇಲಿದೆ" ಎಂದು ಗದರುತ್ತಿದ್ದರು. ಇಂಥ ಅನಾಗರಿಕ ಪದ್ಧತಿಯಿಂದ ನಮ್ಮನ್ನು ಪಾರುಮಾಡಲು ಪುರಸಭೆ ಆ್ಯಪ್ ಮಾಡಿಸಿತು. ಅದು ನಮ್ಮ ಕೈಗೆ ಒಗ್ಗುತ್ತದೆಯೇ ಎಂದು ನೋಡಲು ಅಕ್ಟೋಬರ್ ತಿಂಗಳ ಒಂದು ಶುಕ್ರವಾರ ತಮ್ಮ ಸಂಸ್ಥೆಯ ಕುಮಾರಿ ವೆನ್ಲಾ ಅವರನ್ನು ಕರೆಸಿತು.

ಆಕೆಯ ಮೇಲೆ ನನ್ನ ದೂರೇನೂ ಇಲ್ಲ. ಏಲಕ್ಕಿ ಬನ್ನು ತಂದಿದ್ದರು. ನಮ್ಮ ಕಟ್ಟಡದ ಆರು ಜನರನ್ನು ಒಬ್ಬೊಬ್ಬರಾಗಿ ಮೇಜಿನ ಮುಂದೆ ಕೂರಿಸಿ, "ಪರೀಕ್ಷೆ ನಿಮಗಲ್ಲ, ಆ್ಯಪ್‌ಗೆ. ಬಳಸ್ತಾ ಬಳಸ್ತಾ ತಲೇಲಿ ಏನು ಬಂದ್ರೂ ಬಾಯ್ಬಿಟ್ಟು ಹೇಳ್ತಾ ಹೋಗಿ" ಎಂದರು. ಮಾನ್ಯರೇ, ನಾವು ಕೊಸ್ಕಿರಾಂತದವರು. ದೂರದಿಂದ ಬಂದ ಅತಿಥಿಯ ಎದುರು, ಅದೂ ಆಕೆ ತಂದ ಬನ್ನು ತಿಂದು, ಆಕೆಯ ಕೆಲಸವನ್ನು ಹಳಿಯುವ ಸಂಸ್ಕೃತಿ ನಮ್ಮದಲ್ಲ. ಆರೂ ಜನ ತುಟಿ ಬಿಚ್ಚಲಿಲ್ಲ.

ನನ್ನ ಕೆಳಮನೆಯ ಆರ್ಮಸ್ ಲೆಹ್ಟೊವಾರನಿಗೆ ಎಂಬತ್ತನಾಲ್ಕು. ಹತ್ತು ವರ್ಷದಿಂದ ಕೈ ನಡುಗುತ್ತದೆ. ಒಂದೊಂದು ನಡುಕವನ್ನೂ ಆಜ್ಞೆಯೆಂದು ಶಿರಸಾವಹಿಸಿದ ಆ್ಯಪ್ ಊಟದ ಪಟ್ಟಿಯಿಂದ ಅಲರ್ಜಿಯ ಪುಟಕ್ಕೆ, ಅಲ್ಲಿಂದ ಭಾಷೆಯ ಪುಟಕ್ಕೆ ಹಾರಿ, ಕೊನೆಗೆ ಸ್ವೀಡಿಷ್ ಭಾಷೆಗೆ ತಿರುಗಿತು. ಆತ ಅದನ್ನೂ ಸಹಿಸಿಕೊಂಡ. ಕೊನೆಯಲ್ಲಿ "ಈಗ ಹೇಗನ್ನಿಸ್ತಿದೆ" ಎಂದು ಕೇಳಿದ್ದಕ್ಕೆ "ಹಸಿವು" ಎಂದ. ಆತ ಆಡಿದ್ದು ಅದೊಂದೇ ಮಾತು.

ಕುಮಾರಿ ವೆನ್ಲಾ ಮೂರೂವರೆಯ ರೈಲಿಗೆ ಹೋದರು. ಐದಕ್ಕೆ ಕಟ್ಟಡದ ಸೌನಾದಲ್ಲಿ ಗಂಡಸರ ಹಬೆಸ್ನಾನದ ಪಾಳಿ. ಬಟ್ಟೆ ಕಳಚಿ ಬಿಸಿಕಲ್ಲಿಗೆ ನೀರು ಹಾಕಿ ಕುಳಿತ ಮೇಲೆ ಪರೀಕ್ಷೆ ನಿಜವಾಗಿ ಶುರುವಾಯಿತು.

"ತಲೇಲಿ ಬಂದಿದ್ದೆಲ್ಲ ಹೇಳ್ಬೇಕಂತೆ" ಎಂದ ಆರ್ಮಸ್. "ಕಟ್ಕೊಂಡ ಹೆಂಡ್ತಿಗೇ ನಲವತ್ತು ವರ್ಷ ಹೇಳ್ಲಿಲ್ಲ ನಾನು."

"ಅದಕ್ಕೇ ಅವಳು ನಲವತ್ತು ವರ್ಷ ಬಾಳಿದ್ದು" ಎಂದ ಮೂರನೇ ಮಹಡಿಯ ಕಲೆರ್ವೊ.

"ನಗಬೇಡ್ವೋ. ಸೂಪು ಒತ್ತೋಕ್ಕೇ ಆಗ್ಲಿಲ್ಲ ನಂಗೆ. ಪಿರ್ಕ್ಕೊ ಫೋನು ನಿಂತ್ಹೋದ್ರೆ ನಾನೇನು ತಿನ್ಲಿ?"

ಒಂದೂವರೆ ಗಂಟೆ ಹೀಗೇ ನಡೆಯಿತು. ಆ್ಯಪ್‌ನ ಮಾನ ಉಳಿಯಲಿಲ್ಲ. ಬರೆದುಕೊಳ್ಳಲು ತಮ್ಮವರು ಯಾರೂ ಅಲ್ಲಿರಲಿಲ್ಲ, ಅಷ್ಟೇ.

ಆಮೇಲೆ ಬಂದ ತಮ್ಮ ವರದಿಯ ಅಂದವನ್ನು ಏನೆಂದು ಹೊಗಳಲಿ? "ಆರಕ್ಕೆ ಆರೂ ಮಂದಿ ಯಾವ ತೊಂದರೆಯನ್ನೂ ಹೇಳಿಕೊಳ್ಳದೆ ಪರೀಕ್ಷೆ ಮುಗಿಸಿದರು. ಒಬ್ಬ ಹಿರಿಯರು ಎಲ್ಲ ಪುಟಗಳನ್ನೂ ಕುತೂಹಲದಿಂದ ಸುತ್ತಿ, ಎರಡನೇ ಭಾಷೆಯನ್ನೂ ಬಳಸಿ ನೋಡಿದರು. ಆ್ಯಪ್ ಹಸಿವನ್ನು ಹೆಚ್ಚಿಸುತ್ತದೆ." ಕಾರ್ಖಾನೆಯ ಮಾಲೀಕರ ಬಾಯಿಂದ ಎಷ್ಟೋ ಸುಳ್ಳು ಕೇಳಿದ್ದೇನೆ, ಮಾನ್ಯರೇ, ಒಂದೂ ಸುಳ್ಳು ಹೇಳದೆ ಇಷ್ಟು ದೊಡ್ಡ ಸುಳ್ಳು ಕಟ್ಟಿದವರನ್ನು ಇದೇ ಮೊದಲು ಕಂಡಿದ್ದು.

ಆ ವರದಿಯ ಬಲದ ಮೇಲೆ ಫೆಬ್ರವರಿ ಒಂದಕ್ಕೆ ಫೋನ್ ನಿಂತಿತು. ಆರ್ಮಸ್ ಸ್ವಾಭಿಮಾನಿ, ಪಕ್ಕದವರ ಬಾಗಿಲು ತಟ್ಟಲಿಲ್ಲ. ನಾಲ್ಕು ದಿನ ಒಣ ರೈ ಬ್ರೆಡ್ಡು ಅಗಿದು, ಐದನೇ ದಿನ ಅದೂ ಮುಗಿದು, ಶುಕ್ರವಾರದ ಸೌನಾಕ್ಕೂ ಬಾರದಿದ್ದಾಗ ನಾನೂ ಕಲೆರ್ವೊನೂ ಹೋಗಿ ನೋಡಿದರೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ. ಈಗ ಆಸ್ಪತ್ರೆಯಲ್ಲಿ ಚೇತರಿಸಿಕೊಂಡಿದ್ದಾನೆ. ಮನೆಗೆ ಹೋಗುತ್ತೇನೆ ಎನ್ನುತ್ತಾನೆ.

ಇಲ್ಲಿಯೇ ತಮ್ಮ ವರದಿ ಮತ್ತೊಮ್ಮೆ ಕೆಲಸಕ್ಕೆ ಬಂದಿದೆ. ಪುರಸಭೆಯ ಆರೈಕೆ ಅಧಿಕಾರಿ ಅದನ್ನು ತಿರುವಿ ಹಾಕಿ, "ಅಕ್ಟೋಬರ್‌ನಲ್ಲಿ ಇವರಿಗೆ ಆ್ಯಪ್ ಬರ್ತಿತ್ತು, ಈಗ ಬರ್ತಿಲ್ಲ. ಅಂದ್ರೆ ನೆನಪು ಹೋಗ್ತಿದೆ. ಒಬ್ಬರನ್ನೇ ಮನೇಲಿ ಬಿಡೋ ಹಾಗಿಲ್ಲ" ಎಂದು ತೀರ್ಮಾನಿಸಿದ್ದಾರೆ. ಬರುವ ಮಂಗಳವಾರ ಸಭೆ. ಅಂದು ಆತನನ್ನು ಮರೆವಿನವರ ವಸತಿಗೆ ಸೇರಿಸುವುದು ನಿರ್ಧಾರವಾಗುತ್ತದೆ, ಮನೆಗೆ ಬೀಗ ಬೀಳುತ್ತದೆ. "ನಂಗೆ ಮರೆವಿಲ್ಲ ಕಣೋ ತೌನೊ" ಎಂದು ಆತ ಹಾಸಿಗೆಯಲ್ಲಿ ಕುಳಿತು ಪಿರ್ಕ್ಕೊ ಅವರ ಫೋನ್ ನಂಬರನ್ನು ತಡವರಿಸದೆ ಒಪ್ಪಿಸಿದ. ಅದನ್ನು ಕೇಳಿಸಿಕೊಳ್ಳಲು ಆರೈಕೆ ಅಧಿಕಾರಿಯ ನಮೂನೆಯಲ್ಲಿ ಜಾಗವಿಲ್ಲ.

ಆದ್ದರಿಂದ ನನ್ನ ಕೋರಿಕೆ ಬಹಳ ಸಣ್ಣದು. ಇಡೀ ಸಂಸ್ಥೆಯವರು ಒಂದು ವಾರ ಉಪವಾಸವಿದ್ದು, ದಪ್ಪ ಉಣ್ಣೆಯ ಕೈಗವಸು ತೊಟ್ಟು, ನಡುಗುವ ಮೇಜಿನ ಮೇಲೆ ಬಟಾಣಿ ಸೂಪು ತರಿಸಿಕೊಳ್ಳಬೇಕು, ನಾವು ಆರು ಜನ ಹಿಂದೆ ಕುಳಿತು ತಮ್ಮ ಕುತೂಹಲವನ್ನು ಬರೆದುಕೊಳ್ಳಬೇಕು ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅದು ದೊಡ್ಡ ಕೋರಿಕೆಯಾದೀತು. ಆರ್ಮಸ್ ಲೆಹ್ಟೊವಾರ ಅಕ್ಟೋಬರ್‌ನಲ್ಲಿಯೇ ನಪಾಸಾಗಿದ್ದರು, ಒಂದು ಬಟ್ಟಲು ಸೂಪನ್ನೂ ತರಿಸಿಕೊಳ್ಳಲು ಅವರಿಂದ ಆಗಲಿಲ್ಲ, ಆಗದಿದ್ದದ್ದು ಕೈಗೇ ಹೊರತು ತಲೆಗಲ್ಲ ಎಂದು ತಮ್ಮ ಮೊಹರಿನ ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸಿ. ತಮ್ಮ ಯಶಸ್ಸಿನ ಪಟ್ಟಿಯಲ್ಲಿ ಆರು ಐದಾಗುತ್ತದೆ, ಅಷ್ಟೆ. ಆತನಿಗೆ ಮನೆ ಉಳಿಯುತ್ತದೆ.

ಉತ್ತರ ಬರುವವರೆಗೂ ಜಾಗ ಬಿಟ್ಟು ಕದಲದ ತಮ್ಮ ವಿಶ್ವಾಸಿ,
ತೌನೊ ರೌತಕೋರ್ಪಿ

ಮರೆತ ಮಾತು: ಪರೀಕ್ಷೆಯ ದಿನ ತಮ್ಮ ಪುಟ್ಟ ಕ್ಯಾಮೆರಾ ನಮ್ಮ ಕೈಗಳನ್ನು ಚಿತ್ರಿಸಿಕೊಂಡಿತ್ತು. ತನ್ನ ಚಿತ್ರದ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ಕಾನೂನಿನಲ್ಲಿದೆ. ಆರ್ಮಸ್ ಇಂದು ಬೆಳಿಗ್ಗೆ ಆಸ್ಪತ್ರೆಯಿಂದಲೇ ಇದರ ಜೊತೆಗಿಟ್ಟಿರುವ ಆ ಅರ್ಜಿಗೆ ಸಹಿ ಹಾಕಿದ್ದಾನೆ, ಸಹಿ ನೋಡಿದರೆ ತಮಗೆ ಅನುಮಾನ ಉಳಿಯದು. ಸೋಮವಾರ ಸಂಜೆಗೆ ಕಾರ್ಮಿಕ ಭವನದ ದೊಡ್ಡ ಸಭಾಂಗಣ, ಬಿಳಿ ಪರದೆ, ಇನ್ನೂರು ಕುರ್ಚಿ ಗೊತ್ತುಮಾಡಿದ್ದೇವೆ. ಆರೈಕೆ ಅಧಿಕಾರಿ ಬರುತ್ತೇನೆಂದಿದ್ದಾರೆ. ಆರ್ಮಸ್‌ನ ಚಿತ್ರ ಹನ್ನೊಂದು ನಿಮಿಷದ್ದು, ಅದರಲ್ಲಿ ಒಂದು ಕೈ ಬಿಟ್ಟರೆ ಬೇರೇನೂ ಇಲ್ಲವಂತೆ. ತಮಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಟ್ಟಿದ್ದೇವೆ.