ಬಾಯಿಗೆ ಕಾಗದ, ಕೈಗೆ ಕತ್ತಿ

ನನ್ನ ಮೇಲೆ ನನ್ನ ಹೆಂಡತಿ ಯಾಸುಯೊ ಹೊರಿಸಿರುವ ಆಪಾದನೆ ಒಂದೇ. ನಾನು ಮಾತು ಜಾಸ್ತಿ ಆಡುತ್ತೇನಂತೆ. ಇದನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ವಿವರವಾಗಿ ಹೇಳಲು ಶುರುಮಾಡಿದರೆ ಅವಳು ಎದ್ದು ಬಟ್ಟೆ ಒಣಹಾಕಲು ಹೋಗುತ್ತಾಳೆ. ಮಳೆ ಬರುತ್ತಿದ್ದರೂ ಹೋಗುತ್ತಾಳೆ.

ಮೂವತ್ತೇಳು ವರ್ಷ ನಾನು ನಮ್ಮ ಸೇಕಿ ಪಟ್ಟಣದ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವನು. ದಿನಕ್ಕೆ ನೂರು ಮನೆ. ಒಂದೊಂದು ಮನೆಯಲ್ಲೂ ಹವಾಮಾನದ ಬಗ್ಗೆ ಒಂದು ಮಾತು, ಮೂಲಂಗಿಯ ಬಗ್ಗೆ ಒಂದು ಮಾತು. ನಿವೃತ್ತನಾದ ಮೇಲೆ ಆ ನೂರು ಮನೆಯ ಮಾತೂ ಒಂದೇ ಮನೆಯಲ್ಲಿ ಖರ್ಚಾಗಬೇಕಾಯಿತು. ಯಾಸುಯೊ ಮೊದಲು ನನಗೆ ಸಾಕಲು ಚಿನ್ನದ ಬಣ್ಣದ ಮೀನು ತಂದುಕೊಟ್ಟಳು. ನಾನು ಮೀನಿನ ಬಗ್ಗೆ ಅವಳೊಂದಿಗೆ ಮಾತಾಡಿದೆ. ಕುಂಡದಲ್ಲಿ ಕುಳ್ಳ ದೇವದಾರು ತಂದಳು. ಅದರ ಒಂದೊಂದು ಕೊಂಬೆಯ ಬಗ್ಗೆಯೂ ಮಾತಾಡಿದೆ. ಬೆಟ್ಟ ಹತ್ತಿ ಬನ್ನಿ ಎಂದು ಬೂಟು ತಂದಳು. ಬೆಟ್ಟ ಹತ್ತಿದ್ದು ಎರಡು ಗಂಟೆ, ಅದನ್ನು ವರ್ಣಿಸಿದ್ದು ಎರಡು ವಾರ.

ಇಂಥ ಹೊತ್ತಿನಲ್ಲಿ ಊರಿನ ಪ್ರಾಚೀನ ಖಡ್ಗ ರಸಿಕರ ಸಂಘದವರು ಹೊಸಬರಿಗಾಗಿ ಒಂದು ಪಾಠ ಏರ್ಪಡಿಸಿದರು, ನಾನೂ ಸೇರಿಕೊಂಡೆ. ನಮ್ಮೂರು ಏಳುನೂರು ವರ್ಷದಿಂದ ಕತ್ತಿ ಬಡಿದ ಊರು. ಈಗ ಕತ್ತರಿ, ಉಗುರು ಕತ್ತರಿಸುವ ಸಲಕರಣೆ ಮಾಡುತ್ತೇವೆ, ಆದರೆ ಜಂಬ ಕತ್ತಿಯದೇ. ಸಂಘದ ಅಧ್ಯಕ್ಷ ತೊಕುರಾ ನಿವೃತ್ತ ದಂತವೈದ್ಯರು. ಎದುರಿಗಿದ್ದವರು ಬಾಯಿ ತೆರೆದಿರಬೇಕು, ಆದರೆ ಮಾತಾಡಬಾರದು ಎಂದು ಜೀವನವಿಡೀ ಬಯಸಿದವರು. ಅವರು ನನಗೆ ಹೇಳಿಕೊಟ್ಟ ಮೊದಲ ಪಾಠವೇ ಇದು: ಕತ್ತಿಯನ್ನು ಒರೆಯಿಂದ ಹಿರಿಯುವ ಮೊದಲು ಮಡಚಿದ ಒಂದು ಕಾಗದವನ್ನು ತುಟಿಗಳ ನಡುವೆ ಕಚ್ಚಿಕೊಳ್ಳಬೇಕು. ಉಸಿರಿನ ತೇವವಾಗಲಿ, ಮಾತಿನ ಜೊತೆ ಹಾರುವ ಎಂಜಲಾಗಲಿ ಅಲಗಿನ ಮೇಲೆ ಬಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಐನೂರು ವರ್ಷ ಉಳಿದು ಬಂದದ್ದನ್ನು ಒಂದು 'ಆಹಾ' ಹಾಳುಮಾಡಬಲ್ಲದು.

ಮನೆಗೆ ಬಂದು ಇದನ್ನು ಯಾಸುಯೊಗೆ ಹೇಳಿದೆ. ನನ್ನ ಮಾತನ್ನು ಅವಳು ಅಷ್ಟು ಗಮನವಿಟ್ಟು ಕೇಳಿದ್ದು ನಮ್ಮ ಮದುವೆಯ ಮಾತುಕತೆಯ ದಿನ ಬಿಟ್ಟರೆ ಅಂದೇ. ಕಾಗದ ಎಷ್ಟು ಹೊತ್ತು ಬಾಯಲ್ಲಿರಬೇಕು ಎಂದು ಕೇಳಿದಳು. ಕತ್ತಿ ಹೊರಗಿರುವಷ್ಟು ಹೊತ್ತೂ ಎಂದೆ. ಅವಳು ಚಹಾ ಬಟ್ಟಲು ಕೆಳಗಿಟ್ಟು ಕಿಟಕಿಯ ಹೊರಗೆ ನೋಡುತ್ತಾ ಕುಳಿತಳು.

ಮುಂದಿನ ವಾರವೇ ಅವಳ ತಮ್ಮ ತೊಮೊಜಿ ನೇರಳೆ ಬಣ್ಣದ ರೇಷ್ಮೆ ಚೀಲದಲ್ಲಿ ಒಂದು ಕತ್ತಿ ತಂದ. ಮಾವನವರದಂತೆ, ಅಟ್ಟದ ಮೇಲಿತ್ತಂತೆ, ಬೆಲೆ ಬಲ್ಲ ಭಾವನ ಕೈಯಲ್ಲಿದ್ದರೇ ಸರಿಯಂತೆ. ನನ್ನ ಕಣ್ಣು ಒದ್ದೆಯಾಯಿತು. ಮಾವ ಬದುಕಿದ್ದಾಗ ನನಗೆ ಒಂದು ಛತ್ರಿಯನ್ನೂ ಎರವಲು ಕೊಟ್ಟವರಲ್ಲ.

ನಮ್ಮ ದೇಶದಲ್ಲಿ ನಿಜವಾದ ಕತ್ತಿಗೆ ಒಂದು ನೋಂದಣಿ ಚೀಟಿ ಇರಲೇಬೇಕು, ಕತ್ತಿ ಹೋದಲ್ಲೆಲ್ಲ ಅದೂ ಹೋಗಬೇಕು. ಚೀಟಿ ಎಲ್ಲಿ ಎಂದು ಕೇಳಿದೆ. ಬ್ಯಾಂಕ್ ಪುಸ್ತಕ, ಮನೆಪತ್ರ, ಸಹಿಯ ಬದಲು ನಾನು ಒತ್ತುವ ಮುದ್ರೆ ಎಲ್ಲ ಇರುವ ತನ್ನ ಬೀರುವಿನ ಮೇಲಿನ ಖಾನೆಯಲ್ಲಿದೆ, ನೀವು ಕಳೆದುಹಾಕುತ್ತೀರಿ ಎಂದಳು ಯಾಸುಯೊ. ಆ ಖಾನೆಗೆ ನಾನು ಎಂದೂ ಕೈಹಾಕಿದವನಲ್ಲ. ನನ್ನ ಸಂಬಳವೇ ಅಲ್ಲಿಗೆ ಹೋಗಿ, ಅಲ್ಲಿಂದ ನನಗೆ ಕೈಖರ್ಚು ಬರುತ್ತಿತ್ತು. ಅವಳು ತೋರಿಸಿದ ದಪ್ಪ ಲಕೋಟೆಯ ಮೇಲೆ 'ಕತ್ತಿಗೆ ಸಂಬಂಧಿಸಿದ್ದು' ಎಂದು ಬರೆದಿತ್ತು. ನನಗೆ ಅಷ್ಟು ಸಾಕಾಯಿತು.

ಅಂದಿನಿಂದ ನನ್ನ ವ್ರತ ಶುರು. ಸಂಜೆ ಐದಕ್ಕೆ ಊರಿನ ಧ್ವನಿವರ್ಧಕದಲ್ಲಿ ಮಕ್ಕಳು ಮನೆಗೆ ಹೋಗಿ ಎನ್ನುವ ರಾಗ ಬಂದಕೂಡಲೇ ನಾನು ಚಾಪೆಯ ಮೇಲೆ ಮಂಡಿಯೂರಿ, ಕಾಗದ ಕಚ್ಚಿ, ಕತ್ತಿ ಹಿರಿಯುತ್ತಿದ್ದೆ. ಹಳೆಯ ಎಣ್ಣೆ ಒರೆಸಿ, ನುಣ್ಣನೆ ಕಲ್ಲುಪುಡಿ ತುಂಬಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟಿ, ದೀಪಕ್ಕೆ ಹಿಡಿದು ನೋಡಿ, ಮತ್ತೆ ಲವಂಗದ ಪರಿಮಳದ ಎಣ್ಣೆ ಸವರುವುದು. ಪುಸ್ತಕದಲ್ಲಿ ಇಪ್ಪತ್ತು ನಿಮಿಷ ಎಂದಿತ್ತು. ಆತುರ ಬೇಡ, ಒಂದು ಗಂಟೆ ಮಾಡಿ ಎಂದಳು ಯಾಸುಯೊ. ಆ ಒಂದು ಗಂಟೆ ಅವಳು ಪಕ್ಕದ ಕೋಣೆಯಲ್ಲಿ ಬರೀ ಕೂತಿರುತ್ತಿದ್ದಳು. ಹೊಲಿಗೆಯೂ ಇಲ್ಲ, ಟಿವಿಯೂ ಇಲ್ಲ. ನನ್ನ ಸಾಧನೆಯ ಗಾಂಭೀರ್ಯ ಅವಳಿಗೂ ತಟ್ಟಿದೆ ಎಂದುಕೊಂಡೆ.

ಪುಸ್ತಕಗಳನ್ನೂ ಅರೆದು ಕುಡಿದೆ. ಕತ್ತಿ ಕೈಗೆ ಹಗುರವಾಗಿತ್ತು. ಒಳ್ಳೆಯ ಕತ್ತಿ ತೂಕಕ್ಕಿಂತ ಹಗುರವೆನಿಸುತ್ತದೆ ಎಂದು ಪುಸ್ತಕ ಹೇಳುತ್ತದೆ. ಹದ ಹಾಕುವಾಗ ಅಂಚಿನುದ್ದಕ್ಕೂ ಮೂಡುವ ಅಲೆಗೆರೆ ಎಲ್ಲೂ ತಪ್ಪದೆ ಒಂದೇ ಸಮ ಇತ್ತು. ಎಂಥ ಕುಶಲಿಯ ಕೈ ಎಂದು ಬೆರಗಾದೆ. ಎಂಟು ತಿಂಗಳಲ್ಲಿ ಒಂದು ಚುಕ್ಕೆ ತುಕ್ಕು ಹಿಡಿಯಲಿಲ್ಲ. ಇದಕ್ಕೆ ನನ್ನ ಆರೈಕೆಯೇ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ. ಅಲಗನ್ನು ಬೆರಳಿನಿಂದ ಮುಟ್ಟುವುದು ಮಹಾಪಾಪ, ಆದ್ದರಿಂದ ಮುಟ್ಟಲಿಲ್ಲ. ಹಿಡಿಯೊಳಗೆ ಅಡಗಿರುವ ಬುಡದಲ್ಲಿ ಕಮ್ಮಾರನ ಹೆಸರಿರುತ್ತದೆ, ಆದರೆ ಹಿಡಿಯ ಗೂಟ ಅಲ್ಲಾಡಲಿಲ್ಲ. ಬಲವಂತ ಮಾಡಬಾರದೆಂದು ಯಾಸುಯೊ ನನ್ನದೇ ಪುಸ್ತಕದ ನಲವತ್ತೊಂದನೆಯ ಪುಟ ತೆಗೆದು ತೋರಿಸಿದಳು. ಅವಳು ನಲವತ್ತೊಂದು ಪುಟ ಓದಿದ್ದಾಳೆಂಬುದೇ ನನಗೆ ಹೆಮ್ಮೆಯಾಯಿತು. ಹೆಸರು ನೋಡದೆಯೇ ನಾನು ತೀರ್ಮಾನಿಸಿದೆ: ಮುರೊಮಾಚಿ ಕಾಲ, ಸೇಕಿಯದೇ ಕಮ್ಮಾರ, ಐನೂರು ವರ್ಷಕ್ಕೆ ಒಂದು ದಿನ ಕಮ್ಮಿಯಿಲ್ಲ. ಸಂಘದಲ್ಲೂ ಹಾಗೇ ಹೇಳಿದೆ. ಹಲವು ಸಲ ಹೇಳಿದೆ.

ಹಾಗಾಗಿ ಶರತ್ಕಾಲದ ಸಭೆಗೆ ಹೊಸ ಸದಸ್ಯ ಹಿಬಿನೋ, ಅಂದರೆ ನಾನು, ಆ ಕತ್ತಿಯನ್ನು ತಂದು ಎಲ್ಲರ ಮುಂದೆ ಪರಿಚಯಿಸಬೇಕೆಂದು ತೊಕುರಾ ಅಪ್ಪಣೆ ಮಾಡಿದರು. ಭಾನುವಾರ ಮಧ್ಯಾಹ್ನ ಎರಡು ಗಂಟೆ. ನೀರಿನ ಮೀಟರ್ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಬಾರಿ ನಾನು ಒಬ್ಬ ಬಲ್ಲವನಾಗಿ ನಿಲ್ಲುವುದಿತ್ತು. ಇದು ನನಗೆ ಎಷ್ಟು ಬೇಕಾಗಿತ್ತೆಂದರೆ ವಾರವಿಡೀ ಊಟ ರುಚಿಸಲಿಲ್ಲ.

ಚೀಟಿ ಕೊಡು ಎಂದೆ ಬುಧವಾರ. ಖಾನೆಯ ಬೀಗದ ಕೈ ಸಿಗುತ್ತಿಲ್ಲ ಎಂದಳು. ಶುಕ್ರವಾರ ಕೇಳಿದೆ. ಸಭೆಗೆ ಹೋಗಲೇಬೇಕಾ, ನಿಮಗೆ ಶೀತವಾದ ಹಾಗಿದೆ ಎಂದಳು. ಶನಿವಾರ ಅವಳು ನನಗಾಗಿ ಹಾವುಮೀನು ತಂದು ಸುಟ್ಟು ಬಡಿಸಿದಳು. ಅದನ್ನು ಮಾಡುವುದು ಹುಟ್ಟುಹಬ್ಬಕ್ಕೆ ಮಾತ್ರ. ಆಗ ನನಗೆ ಖಾತ್ರಿಯಾಯಿತು, ಇವಳು ಚೀಟಿ ಕಳೆದುಹಾಕಿದ್ದಾಳೆ. ಪಾಪ ಅನ್ನಿಸಿತು. ಹೆಂಡತಿಯ ತಪ್ಪನ್ನು ಮೌನವಾಗಿ ಕ್ಷಮಿಸುವುದು ಎಷ್ಟು ಹಿತವೆಂದು ಮೊದಲ ಸಲ ತಿಳಿಯಿತು.

ಭಾನುವಾರ ಅವಳು ಸ್ನಾನದ ಮನೆ ತೊಳೆಯುತ್ತಿದ್ದಾಗ ಕತ್ತಿಯನ್ನು ಚೌಕದ ಬಟ್ಟೆಯಲ್ಲಿ ಸುತ್ತಿ ಹೊರಬಿದ್ದೆ. ಚೀಟಿಯಿಲ್ಲದೆ ಕತ್ತಿ ಒಯ್ಯುವುದು ಅಪರಾಧ. ಸೇತುವೆಯ ಮೂಲೆಯ ಪೊಲೀಸ್ ಚೌಕಿಯ ಮುಂದೆ ನನ್ನ ಕಾಲು ತಾನಾಗಿ ನಿಧಾನವಾಯಿತು. ಒಳಗಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಕಾಯಾಮಾ. ಅವರ ಮನೆಯ ಮೀಟರನ್ನೂ ನಾನೇ ಓದಿದ್ದೆ. ಅವರು ಬಟ್ಟೆಯ ಗಂಟನ್ನು ನೋಡಿದ್ದಷ್ಟೇ, ಏನೂ ಕೇಳಿರಲಿಲ್ಲ. ಸುಮ್ಮನೆ ತಲೆಬಾಗಿ ದಾಟಿದ್ದರೆ ಆಗುತ್ತಿತ್ತು. ನಾನು ಒಳಗೆ ಹೋಗಿ ತಪ್ಪೊಪ್ಪಿಗೆ ಕೊಟ್ಟೆ. ನನ್ನ ಬಳಿ ಐನೂರು ವರ್ಷದ ನಿಜವಾದ ಖಡ್ಗವಿದೆ, ಚೀಟಿ ಇಲ್ಲ, ತಪ್ಪು ಪೂರ್ತಿ ನನ್ನದು, ಹೆಂಡತಿಯನ್ನು ಇದಕ್ಕೆ ಎಳೆಯಬೇಡಿ ಎಂದೆ. ಇಷ್ಟಕ್ಕೆ ಹದಿನೈದು ನಿಮಿಷ ಹಿಡಿಯಿತು.

ಕಾಯಾಮಾ ಕೈಗವಸು ಹಾಕಿ ಕತ್ತಿಯನ್ನು ನಾಲ್ಕು ಬೆರಳಷ್ಟು ಹಿರಿದರು. ಆಮೇಲೆ ಗೋಡೆಯ ಫಲಕದಿಂದ 'ಬೆಂಕಿಯ ಬಗ್ಗೆ ಎಚ್ಚರ' ಎಂಬ ಸೂಚನೆಗೆ ಅಂಟಿಸಿದ್ದ ಅಯಸ್ಕಾಂತದ ಬಿಲ್ಲೆ ಕಿತ್ತು ಅಲಗಿಗೆ ಹಚ್ಚಿದರು. ಬಿಲ್ಲೆ ಮೇಜಿನ ಮೇಲೆ ಬಿತ್ತು. ಮತ್ತೆ ಹಚ್ಚಿದರು. ಮತ್ತೆ ಬಿತ್ತು.

"ಹಿಬಿನೋ ಅವರೇ, ಇದು ಅಭ್ಯಾಸದ ಕತ್ತಿ. ಸತುವಿನ ಮಿಶ್ರಲೋಹ. ಇದಕ್ಕೆ ಚೀಟಿ ಗೀಟಿ ಏನೂ ಬೇಡ."

ನನ್ನ ಕತ್ತಿ ಉಕ್ಕಿನದು, ನನ್ನನ್ನು ಬಂಧಿಸಿ ಎಂದು ನಾನು ವಾದಿಸಿದೆ. ನೀವು ನಿರಪರಾಧಿ, ಮನೆಗೆ ಹೋಗಿ ಎಂದು ಅವರು ವಾದಿಸಿದರು. ಕೊನೆಗೆ ಮನೆಗೆ ಫೋನ್ ಮಾಡಿದರು.

ಯಾಸುಯೊ ಅಡುಗೆಯ ಉಡುಪಿನಲ್ಲೇ ಸೈಕಲ್ ಮೇಲೆ ಬಂದಳು. ಕೈಯಲ್ಲಿ ಆ ದಪ್ಪ ಲಕೋಟೆ ಇತ್ತು. ಮೇಜಿನ ಮೇಲೆ ಸುರಿದಳು. ಚೀಟಿ ಇರಲಿಲ್ಲ. ಮಡಚಿದ ಬಿಳಿ ಕಾಗದಗಳು, ಬಾಯಲ್ಲಿ ಕಚ್ಚುವಂಥವು, ಒಂದೇ ಅಳತೆಗೆ ಕತ್ತರಿಸಿ ನೂರರ ಕಟ್ಟು ಕಟ್ಟಿಟ್ಟಿದ್ದಳು.

"ತೊಮೊಜಿ ಕಾಲೇಜಿನಲ್ಲಿ ಅಭ್ಯಾಸ ಮಾಡ್ತಿದ್ದ ಕತ್ತಿ ರೀ ಅದು," ಎಂದಳು. "ನಾನೇ ತರಿಸಿದ್ದು. ಗೂಟಕ್ಕೆ ಅಂಟು ಹಾಕಿಸಿದ್ದೂ ನಾನೇ."

"ಯಾಕೆ?"

"ದಿನಕ್ಕೊಂದು ಗಂಟೆ. ನಮ್ಮನೆ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ರೀ."

ಕಾಯಾಮಾ ಅಯಸ್ಕಾಂತವನ್ನು ಮರಳಿ ಫಲಕಕ್ಕೆ ಅಂಟಿಸಿ, ಇಂಥ ಕಾಗದ ಎಲ್ಲಿ ಸಿಗುತ್ತದೆಂದು ನನ್ನ ಹೆಂಡತಿಯನ್ನು ತಗ್ಗಿದ ದನಿಯಲ್ಲಿ ಕೇಳಿದರು. ಅವರ ತಾಯಿಗೆ ಬೇಕಾಗಿತ್ತಂತೆ.

ಸಭೆಗೆ ಯಾಸುಯೊ ತಾನೇ ಫೋನ್ ಮಾಡಿ ನನಗೆ ಶೀತವೆಂದಳು. ಮನೆಗೆ ಬಂದು ನಾನು ಚಾಪೆಯ ಮೇಲೆ ಕುಳಿತೆ. ನನಗೆ ಬಹಳ ನೋವಾಗಿತ್ತು. ಕತ್ತಿಯ ಬಗ್ಗೆ ಅಲ್ಲ. ಎಂಟು ತಿಂಗಳು ಅವಳು ಪಕ್ಕದ ಕೋಣೆಯಲ್ಲಿ ಕೂತು ಆಲಿಸುತ್ತಿದ್ದುದು ನನ್ನ ದನಿ ಇಲ್ಲದಿರುವುದನ್ನು ಎಂದು ನೋವಾಗಿತ್ತು. ಇನ್ನು ಮಾತೇ ಆಡುವುದಿಲ್ಲ ಎಂದು ನಿಶ್ಚಯಿಸಿದೆ. ಐದರ ರಾಗ ಬಂತು, ಹೋಯಿತು. ನಾನು ಕತ್ತಿ ಮುಟ್ಟಲಿಲ್ಲ. ಅವಳು ಎರಡು ಸಲ ಬಾಗಿಲವರೆಗೆ ಬಂದು ಇಣುಕಿದಳು. ಮೂರನೆಯ ಸಲ ಚಹಾ ತಂದು ಎದುರು ಕುಳಿತಳು.

"ಏನಾದ್ರೂ ಮಾತಾಡಿ ರೀ," ಎಂದಳು. "ಬಾಯಲ್ಲಿ ಕಾಗದ ಇದ್ರೆ ಒಳಗೆ ಮಾತು ಇದೆ ಅಂತ ಧೈರ್ಯ ಇರತ್ತೆ. ಹೀಗೆ ಕೂತ್ರೆ ನಂಗೆ ಭಯ ಆಗತ್ತೆ."

ನಾನು ಬಗ್ಗಲಿಲ್ಲ. ಅವಳು ಕತ್ತಿಯನ್ನು ತಂದು ನನ್ನ ಮುಂದಿಟ್ಟು, ಈ ಅಲೆಗೆರೆ ನಿಜವಾದ ಕತ್ತಿಯಲ್ಲಾದರೆ ಹೇಗೆ ಬರುತ್ತದೆ ಎಂದು ಮೆಲ್ಲಗೆ ಕೇಳಿದಳು. ಮೂವತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ನನ್ನ ಮಾತು ಬೇಕೆಂದೇ ಅವಳು ಕೇಳಿದ ಮೊದಲ ಪ್ರಶ್ನೆ. ನನ್ನ ಎದೆ ತುಂಬಿ ಬಂತು. ಹದ ಹಾಕುವ ಮೊದಲು ಅಲಗಿಗೆ ಜೇಡಿಮಣ್ಣು ಮೆತ್ತುತ್ತಾರೆ, ಬೆನ್ನಿಗೆ ದಪ್ಪ, ಅಂಚಿಗೆ ತೆಳು ಎಂದು ಶುರುಮಾಡಿದೆ. ಮಣ್ಣಿನಲ್ಲಿ ಎಷ್ಟು ಬಗೆ ಎಂಬುದಕ್ಕೆ ಬಂದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಮಣ್ಣಿಗೆ ಬೆರೆಸುವ ಇದ್ದಿಲಿನ ಪುಡಿಗೆ ಬಂದೆ. ಅಲ್ಲಿಂದ ಇದ್ದಿಲಿಗಾಗಿ ಸುಡುವ ಮರಕ್ಕೆ, ಮರದಿಂದ ನಾನು ಹತ್ತಿದ ಬೆಟ್ಟಕ್ಕೆ ಬಂದೆ.

ಬೆಟ್ಟದ ಅರ್ಧಕ್ಕೆ ತಲುಪುವಷ್ಟರಲ್ಲಿ ಯಾಸುಯೊ ಲಕೋಟೆಗೆ ಕೈಹಾಕಿ ಒಂದು ಕಾಗದ ತೆಗೆದಳು. ನಾನು ಬಾಯಿ ತೆರೆದೇ ಇದ್ದುದರಿಂದ ಇಡಲು ಅವಳಿಗೆ ಏನೂ ಕಷ್ಟವಾಗಲಿಲ್ಲ.